ಹಗುರ ಮಾತಿನ ಅಹವಾಲು

ಗದಗ
ಫೆಬ್ರವರಿ ಮೂವತ್ತು, ೨೧೭೯

ನಿಮ್ಮ ಕ್ಯಾಲೆಂಡರಿನಲ್ಲಿ ಈ ದಿನ ಇಲ್ಲವೆಂದು ಬಲ್ಲೆ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡದಲ್ಲಿ ಇಷ್ಟುದ್ದ ಬರೆಯಲು ಕೂತದ್ದು ನಲವತ್ತು ದಾಟಿದ ಮೇಲೆ, ಇದೇ ಮೊದಲು.

ಇಲ್ಲಿ ಹೊಟ್ಟೆಪಾಡಿಗಾಗಿ ಯಾರೂ ಇಂಗ್ಲಿಷ್ ಕಲಿಯಬೇಕಿಲ್ಲ. ಕಿವಿಗೆ ಸಿಕ್ಕಿಸಿಕೊಳ್ಳುವ ಗುಂಡಿಯೊಂದಿದೆ, ‘ದುಭಾಷಿ’ ಎನ್ನುತ್ತೇವೆ. ಯಾವ ದೇಶದವರ ಮಾತನ್ನೂ ಅದು ಕನ್ನಡದಲ್ಲಿ ಉಸುರುತ್ತದೆ. ಆದರೂ ಕಠಿಣ ಇಂಗ್ಲಿಷ್ ಪದಗಳು ತೊಲಗಲಿಲ್ಲ. ಕೆಲಸ ಹೋಯಿತು, ದರ್ಬಾರು ಉಳಿಯಿತು. ಅವಕ್ಕೆ ‘ತೂಕದ ಪದ’ ಎಂದು ಹೆಸರು. ಓಣಿಯ ಕಷ್ಟವನ್ನು ಸರ್ಕಾರಕ್ಕೆ ಹೇಳಬೇಕಾದರೆ ಅಹವಾಲು ಕಟ್ಟೆಯ ಮೇಲೆ ನಿಂತು ಮಾತಾಡಬೇಕು. ಎದುರು ಗೋಡೆಯ ತಕ್ಕಡಿಯ ಮುಳ್ಳು ಒಂದೊಂದು ಪದವನ್ನೂ ತೂಗುತ್ತದೆ. ತೂಕದ ಪದಕ್ಕೆ ಏರುತ್ತದೆ. ನೀರು, ನೋವು, ಬಸುರಿ ಎಂದರೆ ಇಳಿಯುತ್ತದೆ. ಕೆಂಪು ಗೆರೆ ಮುಟ್ಟದ ಅಹವಾಲನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೆಂಗಸರಿಗೆ ಈ ಪದಗಳನ್ನು ಕಲಿಸುವುದು ನನ್ನ ಉದ್ಯೋಗ.

ನಮ್ಮ ಓಣಿಯ ಹೆರಿಗೆ ಮನೆ ಮುಚ್ಚುವ ಆದೇಶ ಬಂದಾಗ ಎಲ್ಲರೂ ನನ್ನ ತರಗತಿಗೆ ಬಂದರು. ಮುಂದೆ ನಿಂತವಳು ಫಕೀರವ್ವ; ಅವಳ ಸೊಸೆಗೆ ಆಗ ಏಳು ತಿಂಗಳು, ದೊಡ್ಡಾಸ್ಪತ್ರೆ ಬಹಳ ದೂರ. ರೊಟ್ಟಿ ಬಡಿಯುತ್ತಲೇ ಪದ ಬಾಯಿಪಾಠ ಮಾಡಿದರು. ‘ಇನೆಕ್ಸೊರಬಲ್’ ಅಂದರೆ ಎಷ್ಟು ಬೇಡಿಕೊಂಡರೂ ಕರಗದವರು ಎಂದೆ.

“ಅಂದ್ರ ನಮ್ಮತ್ತಿ ಬಿಡ್ರಿ ಅಕ್ಕಾರ,” ಎಂದಳು ಒಬ್ಬಳು.

“ನಿಮ್ಮತ್ತಿ ನಿನ್ನ ರೊಟ್ಟಿ ತಿಂದೂ ಬದುಕ್ಯಾಳ, ಆಕಿಗೆ ಬ್ಯಾರೇ ಪದ ಹುಡುಕು,” ಎಂದಳು ಫಕೀರವ್ವ.

ಅಹವಾಲನ್ನು ಎಲ್ಲರೂ ಕೂಡಿ ಕಟ್ಟಿದೆವು. ಜೋಳ ಹಸನು ಮಾಡುವಾಗ ಹರಳು ಆರಿಸಿದಂತೆ ಹಗುರ ಪದಗಳನ್ನು ಆರಿಸಿ ಆರಿಸಿ ತೆಗೆದೆವು. ಕಟ್ಟೆಯ ಮೇಲೆ ಫಕೀರವ್ವ ಒಂದು ಪದವೂ ತಡವರಿಸಲಿಲ್ಲ. ಮುಳ್ಳು ಕೆಂಪು ಗೆರೆ ದಾಟಿತು. ಅಧಿಕಾರಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಅವಳು ಕೇಳಿದಳು: “ಅಕ್ಕಾರ, ಶಾಲೇನೋ ಬಂತು. ಹೆರಿಗಿ ಮನಿ ಅಂತ ನಾವು ಒಳಗ ಅಂದೇ ಇಲ್ಲಲ್ರೀ?”

ಅಂದಿರಲಿಲ್ಲ. ಅದು ಹಗುರ ಪದ, ನಾವೇ ತೆಗೆದುಹಾಕಿದ್ದೆವು. ಆ ವಾರವೇ ಹೆರಿಗೆ ಮನೆಗೆ ಬೀಗ ಬಿತ್ತು.

ಅಂದಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ: ಈ ಪದಗಳನ್ನು ನಾನು ದ್ವೇಷಿಸುತ್ತೇನೆಯೇ? ಇಲ್ಲ. ಹೊಸ ಪದವೊಂದರ ಅರ್ಥ ಹೊಳೆದಾಗ ಆಗುವ ಖುಷಿ ಚಿಕ್ಕಂದಿನಿಂದ ನನ್ನದು, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಬಿಟ್ಟುಕೊಡಬೇಕಾದದ್ದು, ಹಗುರ ಮಾತಾಡಿದರೆ ಯಾರೂ ಲೆಕ್ಕಕ್ಕಿಡುವುದಿಲ್ಲ ಎಂಬ ಭಯ. ಆ ಭಯದಲ್ಲಿ ನನ್ನ ಪಾಲೆಷ್ಟು, ಕಲಿಸಿದವರ ಪಾಲೆಷ್ಟು, ಗೊತ್ತಿಲ್ಲ. ಗೊತ್ತಾಗುವವರೆಗೆ ಕಾಯಲು ಸಮಯವೂ ಇಲ್ಲ.

ಇವತ್ತು ನಾವು ಮತ್ತೆ ಕಟ್ಟೆ ಹತ್ತುತ್ತೇವೆ. ಫಕೀರವ್ವ ತನ್ನ ಮಾತಿನಲ್ಲೇ ಹೇಳುತ್ತಾಳೆ, ಅವಳ ನಂತರ ನಾನು. ಮುಳ್ಳು ಕೆಳಗೇ ಇರುತ್ತದೆ, ನನ್ನ ಕಲಿಸುವ ಪರವಾನಗಿ ರದ್ದಾಗುತ್ತದೆ. ಆಗಲಿ. “ಇದು ಅಹವಾಲಲ್ಲ, ಇಳೀರಿ” ಎನ್ನುತ್ತಾರೆ. ಇಳಿಯುವುದಿಲ್ಲ. ಬುತ್ತಿ ಕಟ್ಟಿಕೊಂಡಿದ್ದೇವೆ.

ನಿಮ್ಮಲ್ಲಿ ಒಂದೇ ಬೇಡಿಕೆ. ಮಕ್ಕಳಿಗೆ ಕಷ್ಟದ ಪದಗಳನ್ನು ಧಾರಾಳವಾಗಿ ಕಲಿಸಿ, ಆದರೆ ಅವು ಬಾರದವರನ್ನು ಬಾಗಿಲಲ್ಲಿ ನಿಲ್ಲಿಸಬೇಡಿ. ಹಾಗೆ ನಿಲ್ಲಿಸುವ ಮೊದಲ ಬಾಗಿಲು ನಿಮ್ಮ ಕಾಲದಲ್ಲೇ ಎಲ್ಲೋ ಇದೆ.

ಫಕೀರವ್ವನ ಸೊಸೆಗೆ ದಿನ ತುಂಬಿದೆ. ಅವಳೂ ನಮ್ಮ ಜೊತೆ ಬರುತ್ತಿದ್ದಾಳೆ. ಹೆರಿಗೆ ಮನೆಯ ಬೀಗ ತೆಗೆಯದಿದ್ದರೆ ಕೂಸು ಕಟ್ಟೆಯ ಮೇಲೆಯೇ ಹುಟ್ಟುತ್ತದೆ; ಅದರ ಅಳುವನ್ನು ಅವರು ತೂಗಿಕೊಳ್ಳಲಿ.

ವಿನುತಾ ಹೊಂಬಳ