ಕೆಂಪು ಬಲೂನಿನ ಎತ್ತರ

ಮನೆಯಿಂದ,
ಹದಿನಾಲ್ಕನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ಇವರಿಗೆ,

ಹೇಗಿದ್ದೀರಿ? ಸೊಂಟನೋವು ಹೇಗಿದೆ? ಕ್ರೇನಿನ ಸೀಟಿಗೆಂದು ಹೊಲಿದು ಕಳಿಸಿದ ದಿಂಬನ್ನು ಬಳಸುತ್ತಿದ್ದೀರೋ, ಇಲ್ಲಾ ಅದನ್ನೂ ತಲೆಯಡಿಗೆ ಇಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದೀರೋ? ಅತ್ತೆ ಗಟ್ಟಿಯಾಗಿದ್ದಾರೆ, ನನ್ನನ್ನು ಬೈಯುವಷ್ಟು. ಸಂಜೆ ಕ್ರೇನಿನಿಂದ ಇಳಿದ ಮೇಲೆ ನೀವು ಕೊಡುವ ಮಿಸ್ಡ್ ಕಾಲ್ ಬರುತ್ತಿದೆ. ಆದರೆ ಇದನ್ನು ಫೋನಿನಲ್ಲಿ ಹೇಳಿದರೆ ನಕ್ಕು ಹಾರಿಸಿಬಿಡುತ್ತೀರಿ, ಅದಕ್ಕೇ ಕಾಗದ.

ನಮ್ಮ ಹಿತ್ತಲಿನಾಚೆ ಹಳೆಯ ಎಣ್ಣೆ ಗಿರಣಿ ಇದ್ದ ಜಾಗದಲ್ಲಿ ಹದಿನೆಂಟು ಮಹಡಿಯ ಅಪಾರ್ಟ್‌ಮೆಂಟ್ ಕಟ್ಟುತ್ತಾರಂತೆ. ಬೀದಿಯವರೆಲ್ಲ ಆರು ಮಹಡಿ ಸಾಕೆಂದು ಪಟ್ಟು ಹಿಡಿದಿದ್ದಾರೆ. ಕ್ಷೌರದಂಗಡಿಯವರಿಗೆ ಬಿಸಿಲು ಮರೆಯಾಗುವ ಚಿಂತೆ, ನರ್ಸಮ್ಮನಿಗೆ ನೀರಿನ ಚಿಂತೆ. ಹದಿನೆಂಟು ಎಂದರೆ ಎಷ್ಟೆತ್ತರ ಎಂದು ಯಾರಿಗೂ ಅಂದಾಜಿಲ್ಲ. ಅದಕ್ಕೆ ಡ್ರಾಯಿಂಗ್ ಮೇಷ್ಟ್ರು ಭಾನುವಾರ ದೊಡ್ಡದೊಂದು ಕೆಂಪು ಬಲೂನಿಗೆ ದಾರ ಕಟ್ಟಿ, ಅಳೆದು ಅಳೆದು ಮೇಲಕ್ಕೆ ಬಿಟ್ಟರು. ಎಲ್ಲರೂ ಕಟ್ಟಡದ ನೆರಳು ಎಲ್ಲಿಯವರೆಗೆ ಬೀಳುತ್ತದೆ ಎಂದು ಲೆಕ್ಕ ಹಾಕುತ್ತಿದ್ದರೆ ನಾನು ಬಲೂನನ್ನೇ ನೋಡುತ್ತಿದ್ದೆ. ಕೆಳಗೆ ಒಣಹಾಕಿದ ಬಟ್ಟೆ ಕದಲುತ್ತಿರಲಿಲ್ಲ, ಮೇಲೆ ಅದು ಹುಚ್ಚು ಹಿಡಿದಂತೆ ತೂರಾಡುತ್ತಿತ್ತು. ನಿಮ್ಮ ಕ್ರೇನಿನ ಸೀಟು "ಅಷ್ಟೇನೂ ಎತ್ತರ ಇಲ್ಲ ಕಣೆ, ನಮ್ಮ ತಾರಸಿಗಿಂತ ಒಂಚೂರು ಮೇಲೆ" ಎಂದು ಇಷ್ಟು ವರ್ಷ ನನ್ನ ಕಿವಿಗೆ ಹೂವಿಟ್ಟಿದ್ದೀರಲ್ಲ. ಹದಿನೆಂಟು ಮಹಡಿ ಕಟ್ಟುವಾಗ ಕ್ರೇನ್ ನಡೆಸುವವರು ಎಲ್ಲಿ ಕೂರುತ್ತಾರೆ ಎಂದು ಮೇಷ್ಟ್ರನ್ನು ಕೇಳಿದೆ. "ಬಲೂನಿಗಿಂತ ಇನ್ನೂ ಮೇಲೆ ಕಣಮ್ಮ" ಎಂದರು. ಕತ್ತುನೋವೆಂದು ಎಂದೂ ತಲೆಯೆತ್ತದ ಅತ್ತೆಯೂ ಮೇಲೆ ನೋಡಿ, "ಅವ್ನು ಅಷ್ಟು ಮೇಲೆ ಕೂತ್ಕೋತಾನೇನೇ?" ಎಂದರು. ಅವತ್ತು ಇಬ್ಬರಿಗೂ ಊಟ ಸೇರಲಿಲ್ಲ.

ಆಗಿನಿಂದ ನನಗೆ ಭಯ, ಮುಚ್ಚಿಡುವುದೇನು. ಸಂಜೆಯಾದರೆ ಫೋನು ಕೈಯಲ್ಲೇ ಹಿಡಿದು ಕೂರುತ್ತೇನೆ. ಮೊನ್ನೆ ನಿಮ್ಮ ಕಾಲ್ ತಡವಾದಾಗ ಒಲೆಯ ಮೇಲೆ ಹಾಲು ಉಕ್ಕಿ ಸೀದುಹೋದರೂ ಫೋನು ಬಿಟ್ಟು ಏಳಲಿಲ್ಲ. ಆಕ್ಷೇಪಣೆಯ ಅರ್ಜಿಗೆ ಮೊದಲ ಸಹಿ ನನ್ನದೇ. ಸೋಮವಾರ ನಗರಸಭೆ ಕಚೇರಿಯ ವಿಚಾರಣೆಯಲ್ಲಿ ಬೀದಿಯ ಪರವಾಗಿ ಮಾತಾಡಲೂ ನನ್ನನ್ನೇ ಆರಿಸಿದ್ದಾರೆ. ಬಾಯಿ ಜೋರಿರುವವಳು ನಾನೇ ಅಂತೆ.

ಅತ್ತೆಯ ಆಶೀರ್ವಾದಗಳು. ಹೊತ್ತು ಹೊತ್ತಿಗೆ ಊಟ ಮಾಡಿ. ಗಾಳಿ ಜೋರಿದ್ದರೆ ಯಾರ ಮುಲಾಜಿಗೂ ಮೇಲೆ ಹತ್ತಬೇಡಿ.

ನಿಮ್ಮ ಇವಳು

ವಿ.ಸೂ.: ಲಕೋಟೆ ಅಂಟಿಸುವಷ್ಟರಲ್ಲಿ ಬಿಲ್ಡರ್ ಕಡೆಯ ಮೇಸ್ತ್ರಿ ಬಂದುಹೋದ. "ಮನೆ ಹತ್ರ ಇರಬಹುದು ಅಂತ ನಿಮ್ಮ ಯಜಮಾನ್ರೇ ಇಲ್ಲಿ ಕ್ರೇನ್ ಕೆಲಸ ಕೇಳಿದಾರೆ. ನೀವು ನೋಡಿದ್ರೆ ಅಡ್ಡಗಾಲು ಹಾಕ್ತಿದೀರಿ" ಎಂದ. ಆರು ಮಹಡಿಯಾದರೆ ಅಂಥ ಕ್ರೇನೇ ಬೇಡವಂತೆ. ಅಂದರೆ ನಾವು ಗೆದ್ದರೆ ನೀವು ಅಲ್ಲೇ ದೂರದಲ್ಲಿ. ಸೋತರೆ ಮನೆಗೆ ಬರುತ್ತೀರಿ, ಆದರೆ ದಿನವಿಡೀ ನನ್ನ ಅಡುಗೆಮನೆಯ ಕಿಟಕಿಯೆದುರು, ಆ ಬಲೂನಿಗಿಂತ ಮೇಲೆ. ನೀವು ಮನೆಗೆ ಬರಲೆಂದು ನಾನೆಷ್ಟು ಹಂಬಲಿಸಿದ್ದೇನೆ, ನಿಮಗೇ ಗೊತ್ತು. ಕಾಣದಿದ್ದರೆ ಹೇಗೋ ತಡೆದುಕೊಳ್ಳುತ್ತೇನೆ, ಕಣ್ಣೆದುರು ಆಗದು. ಸೋಮವಾರ ನಾನು ಆರೇ ಮಹಡಿ ಎನ್ನುವವಳು. ಬೈಯುವುದಿದ್ದರೆ ಇಳಿದು ಬಂದು, ನೆಲದ ಮೇಲೆ ನಿಂತು ಬೈಯಿರಿ.