ನಿಮ್ಮ ಗೋಡೆಯ ಅಳತೆಯ ಪೆಟ್ಟಿಗೆ ನಮ್ಮಲ್ಲಿದೆ

ನಗರದ ಅಂದಚಂದ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ಮಂಗಳೂರಿನ ನಮ್ಮ ಸ್ಮಶಾನದ ಪಕ್ಕದ ಓಣಿಯಲ್ಲಿ ಶವಪೆಟ್ಟಿಗೆ, ಸಮಾಧಿಕಲ್ಲು ಮುಂತಾದ ‘ಸಾರ್ವಜನಿಕರ ಮನಸ್ಸಿಗೆ ಕಳವಳ ಉಂಟುಮಾಡುವ ವಸ್ತುಗಳನ್ನು’ ಇಟ್ಟುಕೊಂಡಿರುವ ನಾವೆಲ್ಲರೂ ಅಂಗಡಿ ಮತ್ತು ಅದರ ಹಿಂದಿನ ಮನೆ ಬಿಟ್ಟು, ಈ ತಿಂಗಳೊಳಗೆ ಶಕ್ತಿನಗರದ ಕಡೆಯ ಒಂದು ಶೆಡ್ಡಿಗೆ ಹೋಗಬೇಕೆಂದು ತಾವು ಆದೇಶಿಸಿದ್ದೀರಿ. ನಮ್ಮ ಜಾಗದಲ್ಲಿ ಬಳ್ಳಿ ಹಬ್ಬಿಸಿದ ಎತ್ತರದ ಗೋಡೆ ಏಳಲಿದೆಯಂತೆ. ನಮ್ಮ ಓಣಿಯಿಂದ ಸ್ಮಶಾನದೊಳಕ್ಕೆ ಹೋಗುವ ಪಕ್ಕದ ಬಾಗಿಲೂ ಅದರ ಹಿಂದೆ ಮುಚ್ಚಿಹೋಗಲಿದೆಯಂತೆ. ನನ್ನದೊಂದು ಸಂಶಯ. ಕಳವಳ ಉಂಟುಮಾಡುವುದು ಪೆಟ್ಟಿಗೆಯೋ, ಸಾವೋ? ಸಾವೇ ಆದರೆ ಅದಕ್ಕೂ ಒಂದು ನೋಟಿಸ್ ಜಾರಿ ಮಾಡಿದ್ದೀರಾ? ಅದು ಶಕ್ತಿನಗರಕ್ಕೆ ಹೋಗಲು ಒಪ್ಪಿದೆಯೇ?

ನಾನು ಲಿಡಿಯಾ. ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಈ ಓಣಿಯ ಪೆಟ್ಟಿಗೆ ಅಂಗಡಿಯ ಮನೆಗೆ ಸೊಸೆಯಾಗಿ ಬಂದೆ. ನನ್ನ ಗಂಡ ರಾಫೆಲ್‌ನ ಅಜ್ಜ ಝೇವಿಯರ್ ಹೆಂಚಿನ ಕಾರ್ಖಾನೆಯಲ್ಲಿ ಬಡಗಿಯಾಗಿದ್ದರು. ಸ್ಮಶಾನದ ಪಕ್ಕ ವಾಸಿಸಲು ಊರಲ್ಲಿ ಯಾರೂ ಮುಂದೆ ಬರದ ಕಾಲದಲ್ಲಿ ಅವರು ಇಲ್ಲಿ ಮನೆ ಕಟ್ಟಿ, ಜಗಲಿಯಲ್ಲೇ ಪೆಟ್ಟಿಗೆ ಮಾಡಲು ಕುಳಿತರು. ಸ್ಮಶಾನಕ್ಕೆ ಕೆಂಪುಕಲ್ಲಿನ ಆವರಣ ಕಟ್ಟಲು ಬಂದ ಕುಟುಂಬವೊಂದು ಕೆಲಸ ಮುಗಿದ ಮೇಲೂ ಹೋಗಲಿಲ್ಲ. ಅವರ ಮೊಮ್ಮಗ ಸಂಕಪ್ಪ ಇಂದು ನಮ್ಮ ಬಲಗಡೆ ಕುಳಿತು ಸಮಾಧಿಕಲ್ಲುಗಳ ಮೇಲೆ ಹೆಸರು ಕೆತ್ತುತ್ತಾನೆ. ಎಡಗಡೆ ಸಿದ್ದೀಕನ ಚಾದಂಗಡಿ. ಗುಂಡಿ ತೋಡುವವರಿಗೆ ಚಾ ಕೊಡಲು ಅವನ ತಂದೆ ಕುದ್ರೋಳಿಯಿಂದ ಬಂದು ತೆರೆದದ್ದು. ಹಂಪನಕಟ್ಟೆಯಲ್ಲಿ ಸಿಟಿ ಬಸ್ಸಿನ ಕಂಡಕ್ಟರ್ ಇಂದಿಗೂ “ಸ್ಮಶಾನ, ಸ್ಮಶಾನ, ಒಳಗೆ ಹೋಗಿ, ಜಾಗ ಉಂಟು!” ಎಂದು ಕೂಗುತ್ತಾನೆ. ಅದಕ್ಕೂ ಯಾರೂ ಕಳವಳಗೊಂಡದ್ದನ್ನು ನಾನು ನೋಡಿಲ್ಲ.

ಕಳವಳಗೊಂಡವರು ಎದುರಿಗೆ ಎದ್ದ ಹೊಸ ಫ್ಲ್ಯಾಟಿನವರು. ‘ಪ್ರಶಾಂತ ನೆರೆಹೊರೆ’ ಎಂಬ ಜಾಹೀರಾತು ನೋಡಿ ಅವರು ಮನೆ ಕೊಂಡರು. ಜಾಹೀರಾತಿನಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ನೆರೆಯವರಷ್ಟು ಪ್ರಶಾಂತರು ಇಡೀ ಜಿಲ್ಲೆಯಲ್ಲಿ ಸಿಗಲಾರರು. ಪಾರ್ಕಿಂಗಿಗೆ ಜಗಳವಿಲ್ಲ, ಮೇಲಿನ ಮಹಡಿಯಿಂದ ನೀರು ಚೆಲ್ಲುವುದಿಲ್ಲ. ಆದರೆ ಬಾಲ್ಕನಿಯಲ್ಲಿ ಕಾಫಿ ಕುಡಿಯುವಾಗ ಪೆಟ್ಟಿಗೆ ಕಣ್ಣಿಗೆ ಬೀಳುತ್ತದೆಂದು ತಮಗೆ ದೂರು ಹೋಯಿತು, ತಾವು ಎಂಜಿನಿಯರರನ್ನು ಕಳಿಸಿದಿರಿ. ತಮ್ಮ ಕಡತದಲ್ಲಿ ಖಂಡಿತ ಇರಲಾರದ ಸಂಗತಿ ಇನ್ನು ಮುಂದಿನದು.

ನಮ್ಮ ಅಂಗಡಿಯಲ್ಲಿ ಅಜ್ಜನ ಕಾಲದಿಂದಲೂ ಒಂದು ಪದ್ಧತಿ ಇದೆ. ಬಂದವರನ್ನು ಕೂರಿಸಿ ಮೊದಲು ಚಾ ಕೊಡಬೇಕು. ಯಾರು, ಏನು, ಯಾವ ಜಾತಿ ಎಂದು ಕೇಳಬಾರದು. ಅವರೆದುರು ಅಳತೆಯ ಟೇಪು ಹಿಡಿಯಲೇಬಾರದು. ತೀರಿಕೊಂಡವರ ಎತ್ತರವನ್ನು ಮನೆಯವರು ಕೈಯಲ್ಲಿ ತೋರಿಸುತ್ತಾರೆ. ನನ್ನ ಭುಜದವರೆಗೆ ಬರುತ್ತಿದ್ದರು, ಕಿವಿಯವರೆಗೆ ಬರುತ್ತಿದ್ದರು ಎನ್ನುವಾಗ ಹೆಚ್ಚಿನವರಿಗೆ ಅಳು ಬರುತ್ತದೆ. ಅಳಲಿ ಎಂದೇ ಈ ಪದ್ಧತಿ ಇರಬೇಕು.

ತಮ್ಮ ಎಂಜಿನಿಯರರು ಬಿಳಿ ಅಂಗಿ ಹಾಕಿ, ಮುಖ ಸಣ್ಣದು ಮಾಡಿಕೊಂಡು, ಒಂದೂ ಮಾತಿಲ್ಲದೆ ಅಂಗಡಿಯ ಮುಂದೆ ನಿಂತರು. ನಮ್ಮಲ್ಲಿಗೆ ಎಲ್ಲರೂ ಬರುವುದು ಹಾಗೆಯೇ. ರಾಫೆಲ್ ಕುರ್ಚಿ ಹಾಕಿದ, ಸಿದ್ದೀಕ್ ಚಾ ತಂದ. ಚಾ ಮುಗಿಸಿ ಅವರು ಕಿಸೆಯಿಂದ ಟೇಪು ತೆಗೆದರು.

“ಅದು ಒಳಗೆ ಇಡಿ ಸರ್,” ಎಂದ ರಾಫೆಲ್ ಮೆಲ್ಲಗೆ. “ಇಲ್ಲಿ ಟೇಪು ತೆಗೀಲಿಕ್ಕಿಲ್ಲ. ಕೈಯಲ್ಲಿ ತೋರ್ಸಿ ಸಾಕು, ಎಷ್ಟು ಎತ್ತರ?”

ಗೋಡೆಯ ವಿಷಯ ನಮಗೆ ಆಗಲೇ ಗೊತ್ತಿದೆ ಎಂದುಕೊಂಡ ಅವರು ಕೈಯನ್ನು ತಲೆಯ ಮೇಲಕ್ಕೆ ನೀಳವಾಗಿ ಎತ್ತಿದರು. “ಇಷ್ಟು. ಇನ್ನೂ ಸ್ವಲ್ಪ ಮೇಲೆಯೇ.”

“ದೇವರೇ! ಅಗಲ?”

“ಒಂದಡಿ ಸಾಕು.”

“ಪಾಪ, ಕೊನೆಗೆ ತುಂಬಾ ಇಳಿದು ಹೋಗಿದ್ರು ಅಂತ ಕಾಣ್ತದೆ.”

ಇದು ಅವರಿಗೆ ಅರ್ಥವಾಗಲಿಲ್ಲ, ಅವರು ಕೇಳಲೂ ಇಲ್ಲ. “ಸೋಮವಾರ ಬರ್ತೇವೆ. ಎಲ್ಲ ರೆಡಿ ಇರ್ಬೇಕು,” ಎಂದರು.

“ಇರ್ತದೆ ಸರ್. ನೀವು ಧೈರ್ಯ ತಗೊಳ್ಳಿ,” ಎಂದು ರಾಫೆಲ್ ಅವರ ಬೆನ್ನು ಸವರಿ ಕಳಿಸಿದ.

ಆ ಉದ್ದದ ಹಲಗೆ ಸಿಗದೆ ಎರಡೆರಡು ಜೋಡಿಸುತ್ತಿದ್ದವನಿಗೆ ನಾನೇ ಹೇಳಿದೆ, ಇನ್ನೊಮ್ಮೆ ವಿಚಾರಿಸಬಾರದಾ ಎಂದು. “ಎಂತ ಮಾರಾಯ್ತಿ, ಎತ್ತರದವರು ಸಾಯ್ಲಿಕ್ಕಿಲ್ವಾ?” ಎಂದು ನನಗೇ ಜೋರು ಮಾಡಿದ. ಸೋಮವಾರ ತಮ್ಮ ಜೀಪು ಬಂತು. ಎಂಜಿನಿಯರರು ಆದೇಶ ಓದಲು ಬಾಯಿ ತೆರೆಯುವಷ್ಟರಲ್ಲಿ ರಾಫೆಲ್ ಮತ್ತು ಸಂಕಪ್ಪ ಆ ಪೆಟ್ಟಿಗೆಯನ್ನು ಹೊತ್ತು ತಂದು ಅವರ ಮುಂದಿಟ್ಟರು.

“ಇದೆಂತ?”

“ನಿಮ್ಮದೇ ಸರ್. ನೀವು ತೋರಿಸಿದ ಅಳತೆ.”

ಅವರು ಆದೇಶವನ್ನು ಪೆಟ್ಟಿಗೆಯ ಮೇಲೆಯೇ ಬಿಟ್ಟು ಜೀಪು ಹತ್ತಿದರು. ಜೀಪು ಓಣಿಯ ತುದಿಯವರೆಗೂ ರಿವರ್ಸಿನಲ್ಲೇ ಹೋಯಿತು. ಫ್ಲ್ಯಾಟಿನ ಬಾಲ್ಕನಿಗಳಿಂದ ನಗು ಕೇಳಿದ್ದು ಅದೇ ಮೊದಲು.

ನಾವೂ ನಕ್ಕೆವು. ಆಮೇಲೆ ಆದೇಶ ಓದಿದೆವು, ನಗು ನಿಂತಿತು. ಮನೆ ಹೋಗುತ್ತದೆಂಬ ಸಂಕಟ ಇಲ್ಲವೆಂದಲ್ಲ. ನನಗೆ ಅದಕ್ಕಿಂತ ಹೆಚ್ಚು ಉರಿದದ್ದು ಆ ಪಕ್ಕದ ಬಾಗಿಲಿಗೆ. ದೊಡ್ಡ ಗೇಟಿನಲ್ಲಿ ಬ್ಯಾಂಡು, ಕಾರು, ಬಂಧುಗಳ ಜೊತೆ ಬರುವವರು ಬರುತ್ತಾರೆ. ಯಾರೂ ಇಲ್ಲದವರನ್ನು ಆಂಬುಲೆನ್ಸ್ ನಮ್ಮ ಓಣಿಯ ಬಾಗಿಲಲ್ಲಿ ಇಳಿಸುತ್ತದೆ. ಹಿಂದೆ ನಡೆಯುವವರಿಲ್ಲದೆ ಯಾರೂ ಒಳಗೆ ಹೋಗಕೂಡದು ಎಂಬುದು ಈ ಓಣಿಯ ಕಟ್ಟಳೆ. ಹೋದ ವರ್ಷ ಯಾವುದೋ ಲಾಡ್ಜಿನಲ್ಲಿ ಒಬ್ಬಳೇ ತೀರಿಕೊಂಡ ಹೆಂಗಸೊಬ್ಬಳನ್ನು ತಂದರು. ಜೊತೆಗಿದ್ದವರು ಡ್ರೈವರ್ ಮತ್ತು ಪಾದ್ರಿಗಳು, ಅಷ್ಟೇ. ಸಿದ್ದೀಕ್ ಒಲೆ ಆರಿಸಿದ. ಸಂಕಪ್ಪ ಉಳಿ ಕೆಳಗಿಟ್ಟು ಕೈ ತೊಳೆದ. ನಾವೆಲ್ಲ ಹಿಂದೆ ನಡೆದೆವು. ಹೆಸರೂ ಸರಿಯಾಗಿ ಗೊತ್ತಿಲ್ಲದ ಆ ಹೆಂಗಸಿಗಾಗಿ ನಾನು ಗುಂಡಿಯ ಬಳಿ ಗಟ್ಟಿಯಾಗಿ ಅತ್ತುಬಿಟ್ಟೆ. ತಮ್ಮ ಗೋಡೆ ಎದ್ದ ಮೇಲೆ ಅಂಥವರ ಹಿಂದೆ ಯಾರು ನಡೆಯುತ್ತಾರೆ, ಹೇಳಿ. ಬಳ್ಳಿಗಳೇ? ಶಕ್ತಿನಗರದಿಂದ ನಾವು ಎರಡು ಬಸ್ಸು ಬದಲಿಸಿ ಬರುವವರೆಗೆ ಅವರು ಕಾಯಬೇಕೇ? ಅವರಿಗೇನು, ಕಾದಾರು. ನಾಚಿಕೆಯಾಗಬೇಕಾದದ್ದು ಬದುಕಿರುವ ನಮಗೆ ಮತ್ತು ತಮಗೆ.

ಆದ್ದರಿಂದ ಆದೇಶವನ್ನು ಹಿಂದಕ್ಕೆ ಪಡೆಯಿರಿ. ಆ ಬಾಗಿಲು ತೆರೆದೇ ಇರಲಿ, ಅದರ ಮುಂದೆ ನಾವು ಇರುತ್ತೇವೆ. ಪೆಟ್ಟಿಗೆ ಅಂಗಡಿಯಲ್ಲೇ ಇದೆ. ಆ ಉದ್ದಕ್ಕೂ ಆ ಅಗಲಕ್ಕೂ ಹೊಂದುವ ಮನುಷ್ಯ ಈ ಊರಿನಲ್ಲಿ ಹುಟ್ಟಿಲ್ಲ. ಆದೇಶವನ್ನೂ ಗೋಡೆಯ ನಕ್ಷೆಯನ್ನೂ ಅದರಲ್ಲೇ ಮಲಗಿಸೋಣ. ಕಲ್ಲು ಕೆತ್ತಲು ಸಂಕಪ್ಪ ಒಪ್ಪಿದ್ದಾನೆ, ಚಾ ಸಿದ್ದೀಕನದು. ತಮ್ಮ ಕಚೇರಿಯಿಂದ ಯಾರೂ ಬರದಿದ್ದರೂ ಚಿಂತೆ ಬೇಡ. ಹಿಂದೆ ನಾವು ನಡೆಯುತ್ತೇವೆ.

ಇಂತಿ,
ಪಕ್ಕದ ನಿವಾಸಿಗಳಿಂದ ಈವರೆಗೆ ಒಂದೂ ದೂರು ಬಾರದ ಓಣಿಯ,
ತಮ್ಮ ಪಟ್ಟಿಯ ಕಳವಳಕಾರಿ ವಸ್ತುಗಳಲ್ಲಿ ಒಬ್ಬಳಾದ
ಲಿಡಿಯಾ ಟೀಚರ್