ಬಾಯಿ ಬಾರದ ನರ್ಸ್

ಪ್ರೀತಿಯ ಅಕ್ಕ,

ನರ್ಸಿಂಗ್ ಮುಗಿಸಿದ ನಿನ್ನ ಮಗಳೂ ಈ ದೇಶಕ್ಕೇ ಬರಲು ಹೊರಟಿದ್ದಾಳೆಂದು ನಿನ್ನ ಪತ್ರದಲ್ಲಿ ಓದಿದೆ. ಇನ್ನು ಮುಚ್ಚಿಡಲಾರೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಹೇಳಲು ಧೈರ್ಯ ಸಾಲದೆಂದು ಬರೆಯುತ್ತಿದ್ದೇನೆ. ನಾನು ಇಲ್ಲಿ ನರ್ಸ್ ಅಲ್ಲ ಅಕ್ಕ. ಎರಡು ವರ್ಷ ಆಸ್ಪತ್ರೆಯ ಮೂರನೇ ಮಹಡಿಯ ನೆಲ ಒರೆಸಿದೆ. ನಿಮಗೆ ಕಳಿಸಿದ ಫೋಟೋದಲ್ಲಿ ನಾನು ತೊಟ್ಟಿದ್ದ ಯೂನಿಫಾರ್ಮ್ ಬೇರೆ ಯಾರದೋ.

ಈ ದೇಶದ ಭಾಷೆಯ ಪರೀಕ್ಷೆ ಪಾಸಾಗದೆ ಇಲ್ಲಿ ಯಾರೂ ಸೂಜಿ ಹಿಡಿಯುವಂತಿಲ್ಲ. ವಾರಕ್ಕೆ ನಾಲ್ಕು ಮಧ್ಯಾಹ್ನ ತರಗತಿ. ನನ್ನ ಪಕ್ಕ ಒಬ್ಬ ಬಡಗಿ. ಹಿಂದಿನ ಬೆಂಚಿನಲ್ಲಿ ತನ್ನ ದೇಶದಲ್ಲಿ ಜಡ್ಜ್ ಆಗಿದ್ದ ಹೆಂಗಸು. ಎಲ್ಲರೂ ಒಂದನೇ ಕ್ಲಾಸಿನ ಮಕ್ಕಳಂತೆ ‘ಇದು ಕುರ್ಚಿ, ಅದು ಕಿಟಕಿ’ ಎಂದು ರಾಗ ಎಳೆಯುತ್ತೇವೆ. ‘ನೀನು ಬಾಯಿ ತೆಗೆದ್ರೆ ರೇಡಿಯೋನೇ ಬೇಡ ಕಣೇ’ ಅನ್ನುತ್ತಿದ್ದೆಯಲ್ಲ, ಆ ನಾನು ಈಗ ಬಸ್ಸಿನಲ್ಲಿ ಕಾಲು ತುಳಿದವನಿಗೂ ಏನೂ ಅನ್ನಲಾರೆ. ಎರಡು ಸಲ ಪರೀಕ್ಷೆಗೆ ಕೂತೆ. ಎರಡು ಸಲವೂ ಮಾತಾಡುವ ಭಾಗದಲ್ಲೇ ಫೇಲು.

ಹೋದ ವಾರ ಮಂಗಳವಾರ ಬೆಳಿಗ್ಗೆ ನೆಲ ಒರೆಸುತ್ತಾ ಒಬ್ಬ ಅಜ್ಜಿಯ ಹಾಸಿಗೆಯ ಬಳಿ ಬಂದೆ. ಆಗಷ್ಟೇ ಅವಳಿಗೆ ಡ್ರಿಪ್ಪಿನಲ್ಲಿ ಹೊಸ ಔಷಧಿ ಹಾಕಿ ಹೋಗಿದ್ದರು. ಕುತ್ತಿಗೆಯ ತುಂಬ ಗಂಧೆ ಎದ್ದಿತ್ತು, ತುಟಿ ಊದಿತ್ತು, ಉಸಿರು ಸಿಳ್ಳೆ ಹಾಕುತ್ತಿತ್ತು. ಊರಿನಲ್ಲಿ ನರ್ಸಾಗಿ ಹದಿನಾರು ವರ್ಷ ರೋಗಿಗಳನ್ನು ನೋಡಿದ ಕಣ್ಣಿದು. ಔಷಧಿ ಒಗ್ಗಿಲ್ಲವೆಂದು ತಕ್ಷಣ ಗೊತ್ತಾಯಿತು. ಹೊರಗೆ ಓಡಿದೆ. ಕಲಿತದ್ದೆಲ್ಲ ಎಲ್ಲಿ ಹೋಯಿತೋ, ಬಾಯಿಂದ ಬಂದದ್ದು ಕನ್ನಡ: ‘ಅಯ್ಯೋ ಬನ್ರೀ, ಉಸಿರು ಕಟ್ತಾ ಇದೆ, ಬೇಗ ಬನ್ರೀ!’ ನಾನು ಬಕೆಟ್ ಚೆಲ್ಲಿಕೊಂಡೆನೆಂದು ತಿಳಿದಳೋ ಏನೋ, ಅಲ್ಲಿದ್ದ ನರ್ಸ್ ನಕ್ಕು, ಆಮೇಲೆ ಬರುತ್ತೇನೆಂದು ಕೈಸನ್ನೆ ಮಾಡಿದಳು. ನಾನು ವಾಪಸ್ಸು ಓಡಿ ಡ್ರಿಪ್ ನಿಲ್ಲಿಸಿ, ಗೋಡೆಯ ಕೆಂಪು ಗುಂಡಿ ಒತ್ತಿ ಹಿಡಿದೆ. ಆಮೇಲೆ ಡಾಕ್ಟರರು ಬಂದರು.

ಅಜ್ಜಿ ಬದುಕಿದಳು. ನನ್ನ ಕೆಲಸ ಹೋಯಿತು.

ಶುಕ್ರವಾರ ವಿಚಾರಣೆ. ಮೇಜಿನಾಚೆ ಆಸ್ಪತ್ರೆಯ ಮೂವರು ಅಧಿಕಾರಿಗಳು. ‘ಡ್ರಿಪ್ ಯಾಕೆ ಮುಟ್ಟಿದ್ರಿ?’ ಎಂದು ಕೇಳಿದ್ದು ಅರ್ಥವಾಯಿತು. ಅವರ ಭಾಷೆಯಲ್ಲಿ ಪದ ಹುಡುಕಿ, ‘ಅಜ್ಜಿ... ಕೆಂಪು... ನಾನು ಒಳ್ಳೆ...’ ಎಂದೆ. ಅದನ್ನೇ ಬರೆದುಕೊಂಡರು. ‘ದುಭಾಷಿ ಬೇಕು ಅಂತ ಕೇಳ್ಬೇಕಿತ್ತು ನೀವು, ಅದು ನಿಮ್ಮ ಹಕ್ಕು’ ಎಂದು ನಮ್ಮ ಟೀಚರಮ್ಮ ಆಮೇಲೆ ಹೇಳಿ ಕಣ್ಣೊರೆಸಿಕೊಂಡರು. ಹಾಗೆ ಕೇಳುವುದಕ್ಕೂ ಆ ಭಾಷೆಯೇ ಬೇಕಿತ್ತಲ್ಲ ಅಕ್ಕ!

ಬರುವ ಸೋಮವಾರ ಮೂರನೇ ಪರೀಕ್ಷೆ, ಅದೇ ಕೊನೆಯದು. ಫೇಲಾದರೆ ಇಲ್ಲಿರುವ ಅನುಮತಿಯೂ ಮುಗಿಯಿತು. ಟೀಚರಮ್ಮ ದಿನಾ ಒಂದು ಗಂಟೆ ಮುಂಚೆಯೇ ಬಂದು ನನ್ನನ್ನು ಮಾತಾಡಿಸುತ್ತಾರೆ. ನಾಲಿಗೆ ಮಾತ್ರ ಮರದ ತುಂಡಿನಂತೆ ಬಿದ್ದಿರುತ್ತದೆ.

ಈ ಪತ್ರವನ್ನು ನಿನ್ನ ಮಗಳಿಗೆ ಓದಿಸು. ಬರುವುದೋ ಬಿಡುವುದೋ, ಎಲ್ಲ ತಿಳಿದು ನಿರ್ಧರಿಸಲಿ. ಅಮ್ಮನಿಗೆ ಮಾತ್ರ ಹೇಳಬೇಡ. ನನ್ನ ಮೇಲೆ ಸಿಟ್ಟು ಬಂದರೆ ಫೋನ್ ಮಾಡಿ ಬಾಯ್ತುಂಬ ಬೈದುಬಿಡು. ಒಂದು ಮಾತೂ ಬಿಡದೆ ಅರ್ಥವಾಗುವಂಥದ್ದನ್ನು ಕೇಳಿ ಎಷ್ಟು ದಿನವಾಯಿತು ಅಕ್ಕ.

ಆ ಮಗು ಎಲ್ಲೇ ಹೋಗಲಿ, ಅವಳ ಮಾತು ಅವಳ ಕೈ ಬಿಡದಿರಲಿ.

ಇಂತಿ,
ನಿನ್ನ ಸುಳ್ಳುಗಾತಿ ತಂಗಿ